ಡಕೋಟಾಗಳೆಲ್ಲ ಎಲ್ಲಿ ಹೋದವು?

ಯುದ್ಧವಿಮಾನ ನಿವೃತ್ತಿಯಾದರೆ ಅದಕ್ಕೆ ಹೊಸ ಬಣ್ಣ ಬಳಿದು ಯಾವುದೋ ವೃತ್ತದಲ್ಲೋ ಕಾಲೇಜಿನ ಮುಂದೆಯೋ ಕಂಬದ ಮೇಲೆ ನಿಲ್ಲಿಸುತ್ತಾರೆ. ಸಾಗಣೆ ವಿಮಾನ ನಿವೃತ್ತಿಯಾದರೆ ಹರಾಜು ಕೂಗುತ್ತಾರೆ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ಬೀಳ್ಕೊಡುಗೆ ನಡೆದಾಗ ಇಡೀ ದೇಶ ಟಿವಿ ಮುಂದೆ ಕೂತಿತ್ತು. ನಾನೂ ಕೂತಿದ್ದೆ, ಕಣ್ಣು ತುಂಬಿತ್ತು. ಆ ಗೌರವ ಅದಕ್ಕೆ ಸಲ್ಲಬೇಕಾದದ್ದೇ. ಆದರೆ ಅದಕ್ಕಿಂತ ಮೊದಲೇ ಈ ದೇಶದ ಗಡಿಗಳನ್ನು ಹೊತ್ತು ನಿಂತಿದ್ದ ಡಕೋಟಾ, ಪ್ಯಾಕೆಟ್ ಎಂಬ ಸಾಗಣೆ ವಿಮಾನಗಳು ಎಂಬತ್ತರ ದಶಕದಲ್ಲಿ ಸೇವೆಯಿಂದ ಹೋದದ್ದು ಎಷ್ಟು ಜನಕ್ಕೆ ಗೊತ್ತಾಯಿತು? ಅವು ಏನಾದವು ಅಂತ ಕೇಳಿದವರಾದರೂ ಯಾರು?

ನಾನು ಕೇಳುತ್ತಲೇ ಬಂದಿದ್ದೇನೆ. ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿದ್ದವನು ನಾನು. ವಿಮಾನದ ಮೈ, ರೆಕ್ಕೆ, ಬಾಲ, ಚಕ್ರ ನಮ್ಮ ಕೆಲಸ, ಎಂಜಿನ್ ಬೇರೆಯವರದು. ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ ಹುಟ್ಟಿ, ಎಪ್ಪತ್ತರ ದಶಕದಲ್ಲಿ ಮಗ್ಗ ಬಿಟ್ಟು ತಾಂಬರಂಗೆ ತರಬೇತಿಗೆ ಹೋದೆ. ಅಲ್ಲಿಂದ ಅಸ್ಸಾಮಿನ ಜೋರ್ಹಾಟ್. ಈಗ ಚಳ್ಳಕೆರೆಯಲ್ಲಿ ಮಗಳ ಮನೆಯ ಪಕ್ಕದಲ್ಲೇ ಇದ್ದೇನೆ. ಹಳೆಯ ವಿಮಾನಗಳ ಬಾಲದ ಸಂಖ್ಯೆ ಬರೆದಿಟ್ಟ ನೋಟ್‌ಬುಕ್ಕುಗಳು ನನ್ನ ಕಪಾಟಿನಲ್ಲಿವೆ. ಯಾವ ಸಂಖ್ಯೆಯ ವಿಮಾನ ಎಲ್ಲಿ ಹೋಯಿತು, ಯಾವುದು ಇನ್ನೂ ಉಳಿದಿದೆ ಎಂದು ಹುಡುಕುವುದು ನನಗೆ ಹತ್ತಿದ ಹುಚ್ಚು ಎಂದು ಮನೆಯವರು ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಜೊತೆಯಲ್ಲಿ ದುಡಿದವರ ಕ್ಷೇಮಸಮಾಚಾರ ವಿಚಾರಿಸಿದ ಹಾಗೆ.

ಡಕೋಟಾ ಕಾಣದ ತಲೆಮಾರಿಗೆ ಅದರ ಪರಿಚಯ ಮೊದಲು ಹೇಳಬೇಕು. ಅಮೆರಿಕದ ಡಗ್ಲಸ್ ಕಂಪನಿ ಮಾಡಿದ ಡಿಸಿ-3 ಎಂಬ ಪ್ರಯಾಣಿಕರ ವಿಮಾನ 1935ರ ಡಿಸೆಂಬರ್ 17ರಂದು ಮೊದಲ ಸಲ ಹಾರಿತು. ಎರಡನೇ ಮಹಾಯುದ್ಧ ಬಂದಾಗ ಅದರ ನೆಲಹಾಸನ್ನು ಗಟ್ಟಿ ಮಾಡಿ, ಪಕ್ಕಕ್ಕೆ ಅಗಲ ಬಾಗಿಲಿಟ್ಟು ಸಿ-47 ಎಂದು ಸೈನ್ಯಕ್ಕೆ ಕೊಟ್ಟರು. ಬ್ರಿಟಿಷರು ಇಟ್ಟ ಹೆಸರು ಡಕೋಟಾ, ನಮ್ಮಲ್ಲಿ ಅದೇ ನಿಂತಿತು. ರೆಕ್ಕೆಯ ತುದಿಯಿಂದ ತುದಿಗೆ 95 ಅಡಿ. ಎರಡು ಎಂಜಿನ್, ಒಂದೊಂದಕ್ಕೂ 14 ಸಿಲಿಂಡರ್, 1,200 ಅಶ್ವಶಕ್ತಿ. 28 ಸೈನಿಕರನ್ನು, ಇಲ್ಲವೇ ಮೂರು ಟನ್ನಿಗೆ ತುಸು ಕಡಿಮೆ ಸರಕನ್ನು ಹೊರುತ್ತಿತ್ತು. ಬಾಲದ ಕೆಳಗೆ ಪುಟ್ಟ ಚಕ್ರ. ಹಾಗಾಗಿ ನೆಲದ ಮೇಲೆ ನಿಂತಾಗ ಮೂಗು ಆಕಾಶಕ್ಕೆ, ಬಾಲ ನೆಲಕ್ಕೆ. ಹಿಂದಿನ ಬಾಗಿಲಲ್ಲಿ ಹತ್ತಿದರೆ ಪೈಲಟ್ ಕೂರುವ ಜಾಗದವರೆಗೂ ದಿಬ್ಬ ಹತ್ತಿದಂತೆ ನಡೆಯಬೇಕು. ಅಕ್ಕಿ ಮೂಟೆ, ಉಪ್ಪು, ಸೀಮೆಎಣ್ಣೆ ಡಬ್ಬ, ಔಷಧಿ, ಗಾಯಾಳುಗಳು, ಗಡಿ ಠಾಣೆಯ ಊಟಕ್ಕೆ ಜೀವಂತ ಕುರಿ, ಎಲ್ಲಕ್ಕೂ ಆ ಒಂದೇ ಬಾಗಿಲು. ಇಂಥವನ್ನು ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಮೇಲ್ಪಟ್ಟು ಕಟ್ಟಿದರು.

ಜೋರ್ಹಾಟ್‌ನಲ್ಲಿ ಬೆಳಗಿನ ಜಾವದ ಮೊದಲ ಕೆಲಸ ಪ್ರೊಪೆಲರ್ ತಿರುಗಿಸುವುದು. ಚಕ್ರದ ಅರಗಳಂತೆ ಸುತ್ತಲೂ ಸಿಲಿಂಡರ್ ಜೋಡಿಸಿದ ಎಂಜಿನ್ ಅದು. ರಾತ್ರಿಯೆಲ್ಲ ನಿಂತಾಗ ಎಣ್ಣೆ ಜಿನುಗಿ ಕೆಳಗಿನ ಸಿಲಿಂಡರುಗಳಲ್ಲಿ ಕೂತುಬಿಡುತ್ತದೆ. ಹಾಗೇ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಆ ಎಣ್ಣೆಗೆ ಗುದ್ದುತ್ತದೆ. ಎಣ್ಣೆಯನ್ನು ಹಿಂಡಿ ಸಣ್ಣದು ಮಾಡಲು ಬರುವುದಿಲ್ಲವಾದ್ದರಿಂದ ರಾಡ್ ಬಾಗುತ್ತದೆ, ಎಂಜಿನ್ ಹೋಯಿತು ಅಂತಲೇ ಅರ್ಥ. ಅದಕ್ಕೇ ಇಬ್ಬರು ಮೂವರು ಸೇರಿ ಪ್ರೊಪೆಲರಿನ ಒಂದೊಂದೇ ಎಲೆಯನ್ನು ಹಿಡಿದು ಕೆಳಗೆಳೆಯಬೇಕು; ಎಣಿಸುತ್ತ ಎಳೆಯಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆ ಹರಿಸಬೇಕು. ಇದು ಎಂಜಿನ್ ಫಿಟ್ಟರುಗಳ ಕೆಲಸವಾದರೂ ಚಳಿಯಲ್ಲಿ ಎಲ್ಲರೂ ಕೈ ಹಾಕುತ್ತಿದ್ದೆವು. ಆಮೇಲೆ ಪೈಲಟ್ ಸಾಹೇಬರು ಸ್ವಿಚ್ ಹಾಕಿದಾಗ ಒಂದು ಸಿಲಿಂಡರ್ ಹತ್ತಿ, ಇನ್ನೊಂದು ಹತ್ತಿ, ನೀಲಿ ಹೊಗೆ ಹ್ಯಾಂಗರ್ ತುಂಬಿ, ಕೊನೆಗೆ ಹದಿನಾಲ್ಕೂ ಒಂದೇ ದನಿಯಾಗುವುದನ್ನು ಕೇಳಬೇಕು.

ನಮ್ಮ ಟ್ರೇಡಿನವರಿಗೆ ಮಾತ್ರ ಗೊತ್ತಿದ್ದ ಸಂಗತಿ ಇನ್ನೊಂದಿದೆ. ಡಕೋಟಾದ ಮೈಯೆಲ್ಲ ಅಲ್ಯೂಮಿನಿಯಂ. ಆದರೆ ಅದನ್ನು ತಿರುಗಿಸುವ, ಏರಿಸುವ, ಇಳಿಸುವ ಭಾಗಗಳು, ಅಂದರೆ ರಡ್ಡರ್, ಎಲಿವೇಟರ್ ಮತ್ತು ರೆಕ್ಕೆಯ ಏಲೆರಾನ್, ಬಟ್ಟೆಯವು. ಲೋಹದ ಪಕ್ಕೆಲುಬುಗಳ ಮೇಲೆ ಹತ್ತಿ ಬಟ್ಟೆ ಹೊದಿಸಿ, ಮೇಣ ಹಚ್ಚಿದ ದಾರದಲ್ಲಿ ಒಂದೊಂದು ಪಕ್ಕೆಲುಬಿಗೂ ಹೊಲಿದು, ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿ, ಮೇಲೆ ಡೋಪ್ ಎಂಬ ದ್ರಾವಣ ಬಳಿಯುತ್ತೇವೆ. ಒಂದು ಕೋಟು ಒಣಗಿದ ಮೇಲೆ ಇನ್ನೊಂದು. ಒಣಗುತ್ತ ಒಣಗುತ್ತ ಬಟ್ಟೆ ಬಿಗಿಯುತ್ತದೆ. ಬೆರಳಲ್ಲಿ ತಟ್ಟಿದರೆ ಬೆಂಕಿಗೆ ಕಾಯಿಸಿದ ತಮಟೆಯಂತೆ ನುಡಿಯಬೇಕು. ಹಾಗೆ ನುಡಿಯದಿದ್ದರೆ ಬಿಚ್ಚಿ ಮತ್ತೆ ಹೊದಿಸಬೇಕು. ಮೊಳಕಾಲ್ಮೂರಿನ ಹುಡುಗನಿಗೆ ಈ ಕೆಲಸ ಕಲಿಸುವ ಅಗತ್ಯವೇ ಬೀಳಲಿಲ್ಲ. ಬಟ್ಟೆಯ ಹಾಸು ಯಾವ ದಿಕ್ಕಿಗೆ ಬರಬೇಕೆಂದು ಸಾರ್ಜೆಂಟ್ ಹೇಳುವ ಮೊದಲೇ ಕೈ ಹಾಗೆ ಹಾಸಿರುತ್ತಿತ್ತು.

ರಜೆಯಲ್ಲಿ ಊರಿಗೆ ಬಂದಾಗ ಕತ್ತರಿಸಿ ಉಳಿದಿದ್ದ ಒಂದು ಚೂರನ್ನು ಅಪ್ಪನಿಗೆ ತೋರಿಸಿದ್ದೆ. ಮಗ್ಗದ ಕುಣಿಯಲ್ಲಿ ಕಾಲಿಟ್ಟುಕೊಂಡೇ ಅದನ್ನು ಬೆಳಕಿಗೆ ಹಿಡಿದರು.

“ಏನಪ್ಪಾ ಇದು, ವಿಮಾನಕ್ಕೂ ಬಟ್ಟೆನಾ?”

“ಹೂಂ ಅಪ್ಪಾ. ಬಾಲಕ್ಕೆ ಹಾಕ್ತೀವಿ.”

ಉಗುರಿನ ತುದಿಯಲ್ಲಿ ಎಳೆ ಎಣಿಸಿದರು. ಇಂಚಿಗೆ ಎಂಬತ್ತರ ಆಸುಪಾಸು. “ಹಾಸು, ಹೊಕ್ಕು ಎರಡೂ ಒಂದೇ ತೂಕದ ನೂಲು. ಮಿಲ್ಲಿಂದೇ ಆದ್ರೂ ನೇಯ್ಗೆ ಸುಳ್ಳಿಲ್ಲ,” ಅಂದರು. ಆಮೇಲೆ ಆ ಚೂರನ್ನು ವಾಪಸು ಕೊಡಲಿಲ್ಲ. ಲಾಳಿ ಇಡುವ ಗೂಡಿನಲ್ಲಿ ಮಡಚಿಟ್ಟುಕೊಂಡರು.

ಡಕೋಟಾಗಳ ಕಥೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ, ಅದನ್ನು ನಾವೇ ಮರೆತಿದ್ದೇವೆ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. 1943ರಲ್ಲಿ ಅಮೆರಿಕದ ಸೇನೆ ಅದನ್ನು ತನ್ನ ರಿಪೇರಿ ಕೇಂದ್ರ ಮಾಡಿಕೊಂಡಿತು. ಅಸ್ಸಾಮಿನಿಂದ ಹಿಮಾಲಯದ ಮೇಲೆ ಹಾಯ್ದು ಚೀನಾಕ್ಕೆ ಸಾಮಗ್ರಿ ಹೊರುತ್ತಿದ್ದ ವಿಮಾನಗಳು ಸವೆದು ಬಂದಾಗ ಬಿಚ್ಚಿ ಕಟ್ಟುತ್ತಿದ್ದದ್ದು ಇಲ್ಲಿ. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಗೇ ಬಂದಿಳಿಯುತ್ತಿದ್ದವು. ಇನ್ನೊಂದು ವಿಷಯವನ್ನು ಚಳ್ಳಕೆರೆಯ ಹುಡುಗರು ತಿಳಿದಿರಬೇಕು. ನಮ್ಮ ದೇಶದವರೇ ವಿನ್ಯಾಸ ಮಾಡಿ ಬೆಂಗಳೂರಿನಲ್ಲಿ ಕಟ್ಟಿದ ಮೊದಲ ಹಾರುವ ಯಂತ್ರ ಯುದ್ಧವಿಮಾನವಲ್ಲ. ಅದು ಹತ್ತು ಸೈನಿಕರನ್ನು ಹೊರುವ, ಎಂಜಿನ್ ಇಲ್ಲದ ಗ್ಲೈಡರ್, ಜಿ-1. ಅದರ ಹಿಂದಿದ್ದವರು ಡಾ. ವಿ.ಎಂ. ಘಾಟಗೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ವಿಮಾನ ವಿಭಾಗ ಶುರುವಾದಾಗ ಅಲ್ಲಿ ದುಡಿದವರೂ ಅವರೇ. ಇವತ್ತು ಅದೇ ಸಂಸ್ಥೆಯ ಇನ್ನೊಂದು ಆವರಣ ನಮ್ಮ ಚಳ್ಳಕೆರೆ ಬಳಿಯ ಕುದಾಪುರದಲ್ಲಿದೆ.

ಯುದ್ಧ ಮುಗಿದ ಮೇಲೆ ಅಮೆರಿಕನ್ನರು ಬಿಟ್ಟುಹೋದ ಡಕೋಟಾಗಳನ್ನು ಇದೇ ಕಾರ್ಖಾನೆ ಪ್ರಯಾಣಿಕರ ವಿಮಾನಗಳಾಗಿ ಮಾರ್ಪಡಿಸಿ ಖಾಸಗಿ ಕಂಪನಿಗಳಿಗೆ ಕೊಟ್ಟಿತು. 1953ರಲ್ಲಿ ಇಂಡಿಯನ್ ಏರ್‌ಲೈನ್ಸ್ ಹುಟ್ಟಿದಾಗ ಅದರ ಕೈಯಲ್ಲಿದ್ದ ವಿಮಾನಗಳಲ್ಲಿ ಬಹುಪಾಲು ಡಕೋಟಾಗಳೇ. 1951ರ ಕ್ರಿಸ್‌ಮಸ್ ದಿನ ಮಂಗಳೂರಿನ ಬಜಪೆ ನಿಲ್ದಾಣ ತೆರೆದದ್ದು ನೆಹರೂ ಅವರು ಡಿಸಿ-3ರಲ್ಲಿ ಬಂದಿಳಿದಾಗ.

ವಾಯುಪಡೆಯ ಡಕೋಟಾ ಮಾಡಿದ ಕೆಲಸಕ್ಕೆ ಎರಡೇ ದಿನಾಂಕ ಹೇಳುತ್ತೇನೆ. 1947ರ ಅಕ್ಟೋಬರ್ 27ರ ಬೆಳಗ್ಗೆ ಲೆಫ್ಟಿನೆಂಟ್ ಕರ್ನಲ್ ದಿವಾನ್ ರಣಜಿತ್ ರಾಯ್ ನೇತೃತ್ವದ ಸಿಖ್ ಪಡೆಯ ಸೈನಿಕರನ್ನು ಹೊತ್ತು ದೆಹಲಿಯಿಂದ ಡಕೋಟಾಗಳು ಶ್ರೀನಗರಕ್ಕೆ ಹಾರಿದವು. ವಾಯುಪಡೆಯವು ಸಾಲದೆ ಖಾಸಗಿ ಕಂಪನಿಗಳ ಡಕೋಟಾಗಳೂ ಹೋದವು. ಆ ದಿನ ಅವು ಇಳಿಯದಿದ್ದರೆ ಶ್ರೀನಗರ ಉಳಿಯುತ್ತಿರಲಿಲ್ಲ. ಮುಂದಿನ ವರ್ಷ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಅವರು ಲೇಹ್‌ನಲ್ಲಿ ಡಕೋಟಾ ಇಳಿಸಿದರು. ಹತ್ತು ಸಾವಿರ ಅಡಿಗೂ ಎತ್ತರದ ಮರಳು ನೆಲ, ಸೋನಂ ನೋರ್ಬು ಎಂಬ ಎಂಜಿನಿಯರ್ ಊರವರನ್ನು ಸೇರಿಸಿ ಮಾಡಿದ ಕಚ್ಚಾ ರನ್‌ವೇ, ನಕ್ಷೆಯಿಲ್ಲದ ಬೆಟ್ಟದ ದಾರಿ. ಆ ವಿಮಾನದಲ್ಲಿ ಪಕ್ಕದಲ್ಲಿ ಕೂತಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ತಾನು ಕಳಿಸುವ ಸೈನಿಕರು ಹೋಗುವ ದಾರಿಯಲ್ಲಿ ಮೊದಲು ತಾನೇ ಹೋಗಬೇಕೆಂದು ಹೊರಟ ಸೇನಾಪತಿ ಅವರು. ಮಡಿಕೇರಿಯ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯ. ಅಂಗಳದಲ್ಲಿ ಮಿಗ್ ಇದೆ. ನನ್ನನ್ನು ಕೇಳಿದರೆ ಆ ಅಂಗಳದಲ್ಲಿ ಮೊದಲು ನಿಲ್ಲಬೇಕಾದ್ದು ಡಕೋಟಾ.

ಇನ್ನು ನನ್ನ ನೋಟ್‌ಬುಕ್ಕುಗಳ ವಿಷಯ. ಹಳೆಯ ವಿಮಾನದ ಜಾಡು ಹಿಡಿಯುವುದೆಂದರೆ ಸಂಖ್ಯೆಯ ಜಾಡು ಹಿಡಿಯುವುದು. ಕಾರ್ಖಾನೆಯಲ್ಲಿ ಹುಟ್ಟಿದಾಗ ಒಂದು ಸಂಖ್ಯೆ ಬೀಳುತ್ತದೆ, ಅದು ಬದಲಾಗುವುದಿಲ್ಲ; ಒಳಗೆಲ್ಲೋ ಸಣ್ಣ ತಗಡಿನ ಮೇಲೆ ಒತ್ತಿರುತ್ತಾರೆ. ಅಮೆರಿಕದ ಸೇನೆ ಇನ್ನೊಂದು ಕೊಡುತ್ತದೆ, ಬ್ರಿಟಿಷರ ಕೈಗೆ ಹೋದರೆ ಮತ್ತೊಂದು, ಖಾಸಗಿ ಕಂಪನಿ ಕೊಂಡರೆ ನಾಗರಿಕ ನೋಂದಣಿ. ಒಂದೇ ವಿಮಾನಕ್ಕೆ ನಾಲ್ಕಾರು ಹೆಸರು. ಬಣ್ಣ, ಬಾಗಿಲು, ಎಂಜಿನ್ ಎಲ್ಲ ಬದಲಾದ ಮೇಲೂ ಆ ತಗಡು ಹೇಳುವುದೇ ನಿಜ.

ಇದು ಎಷ್ಟು ಮುಖ್ಯ ಎನ್ನುವುದಕ್ಕೆ ಅಮೆರಿಕದ ಒಂದು ಪ್ರಸಂಗ ಸಾಕು. 1944ರ ಜೂನ್‌ನಲ್ಲಿ ನಾರ್ಮಂಡಿಯ ದಾಳಿಯ ರಾತ್ರಿ ಪ್ಯಾರಾಟ್ರೂಪರುಗಳ ದೊಡ್ಡ ದಂಡಿಗೆ ಮುಂದಾಳಾಗಿ ಹಾರಿದ ಸಿ-47ರ ಹೆಸರು ‘ದಟ್ಸ್ ಆಲ್, ಬ್ರದರ್’. ಯುದ್ಧ ಮುಗಿದ ಮೇಲೆ ಅದು ಕೈಯಿಂದ ಕೈಗೆ ಮಾರಾಟವಾಗಿ, ಯಾರ ನೆನಪಿನಲ್ಲೂ ಇಲ್ಲದೆ, ಕೊನೆಗೆ ವಿಸ್ಕಾನ್ಸಿನ್‌ನ ಆಶ್‌ಕಾಶ್ ಊರಿನ ಒಂದು ಅಂಗಳದಲ್ಲಿ ನಿಂತಿತ್ತು. ಹಳೇ ಎಂಜಿನ್ ಕಿತ್ತು, ಮೈ ಕತ್ತರಿಸಿ ಉದ್ದ ಮಾಡಿ ಟರ್ಬೊಪ್ರಾಪ್ ವಿಮಾನ ಮಾಡುವ ಸಾಲಿನಲ್ಲಿತ್ತು. 42-92847 ಎಂಬ ಸಂಖ್ಯೆಯ ಬೆನ್ನು ಹತ್ತಿದ ಇತಿಹಾಸಕಾರರು ಅದನ್ನು ಗುರುತಿಸಿದರು. ಜನ ಹಣ ಕೂಡಿಸಿದರು. 2018ರಲ್ಲಿ ಅದು ಮತ್ತೆ ಹಾರಿತು. ಮರುವರ್ಷ, ದಾಳಿಯ 75ನೇ ವರ್ಷಕ್ಕೆ, ನಾರ್ಮಂಡಿಗೇ ಹೋಗಿ ಬಂತು.

ನಮ್ಮಲ್ಲೂ ಅಂಥದ್ದೊಂದು ನಡೆದಿದೆ. ಬ್ರಿಟನ್ನಿನಲ್ಲಿ ಜಿ-ಎಎಂಎಸ್‌ವಿ ಎಂಬ ನೋಂದಣಿಯಲ್ಲಿ, ಅದಕ್ಕೂ ಮೊದಲು ಬ್ರಿಟಿಷ್ ವಾಯುಪಡೆಯಲ್ಲಿ ಕೆಎನ್ 397 ಎಂಬ ಸಂಖ್ಯೆಯಲ್ಲಿ ಹಾರಿದ್ದ ಡಕೋಟಾ ಒಂದು ಗುಜರಿಗೆ ಹೋಗುವುದಿತ್ತು. ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್ ಅದನ್ನು 2011ರಲ್ಲಿ ಕೊಂಡರು. ಅವರ ತಂದೆ ಏರ್ ಕಮೊಡೋರ್ ಎಂ.ಕೆ. ಚಂದ್ರಶೇಖರ್ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ವಾಯುಪಡೆಗೆ ಉಡುಗೊರೆ ಕೊಡುತ್ತೇನೆಂದಾಗ ಮೊದಲ ಸಲ ಒಪ್ಪಿಗೆ ಸಿಗಲಿಲ್ಲ. ವರ್ಷಗಳಾದ ಮೇಲೆ ಸಿಕ್ಕಿತು. ಕೊವೆಂಟ್ರಿಯಲ್ಲಿ ದುರಸ್ತಿ ನಡೆಯಿತು. 2018ರ ಏಪ್ರಿಲ್ 17ರಂದು ಅಲ್ಲಿಂದ ಹೊರಟು ಫ್ರಾನ್ಸ್, ಇಟಲಿ, ಗ್ರೀಸ್, ಜೋರ್ಡಾನ್, ಸೌದಿ, ಬಹರೇನ್, ಒಮಾನ್ ದಾಟಿ ತಿಂಗಳ ಕೊನೆಯ ವಾರ ಜಾಮ್‌ನಗರಕ್ಕೆ ಬಂತು. ದಾರಿಯುದ್ದಕ್ಕೂ ಇಳಿದು, ಎಣ್ಣೆ ತುಂಬಿಸಿಕೊಂಡು, ತನ್ನದೇ ರೆಕ್ಕೆಯ ಮೇಲೆ. ಮೇ 4ರಂದು ಹಿಂಡನ್‌ನಲ್ಲಿ ವಾಯುಪಡೆ ಸೇರಿತು. ಹೆಸರು ಪರಶುರಾಮ. ಬಾಲದ ಸಂಖ್ಯೆ ವಿಪಿ 905: ಶ್ರೀನಗರದ ಆ ಬೆಳಗ್ಗೆ ಸೈನಿಕರನ್ನು ಹೊತ್ತೊಯ್ದ ಡಕೋಟಾದ ಸಂಖ್ಯೆ. ವಿಮಾನ ಬೇರೆ, ಸಂಖ್ಯೆ ಗೌರವಕ್ಕಾಗಿ ಇಟ್ಟದ್ದು. ನೋಟ್‌ಬುಕ್ ಇಟ್ಟವರು ಈ ವ್ಯತ್ಯಾಸವನ್ನು ಬರೆದಿಡಬೇಕು, ಇಲ್ಲದಿದ್ದರೆ ಐವತ್ತು ವರ್ಷದ ಮೇಲೆ ಹುಡುಕುವವರು ದಾರಿ ತಪ್ಪುತ್ತಾರೆ.

2019ರ ಫೆಬ್ರುವರಿಯಲ್ಲಿ ಪರಶುರಾಮ ಯಲಹಂಕದ ಏರೋ ಇಂಡಿಯಾಕ್ಕೆ ಬಂದಾಗ ಮೊಮ್ಮಗಳ ಕೈ ಹಿಡಿದು ಹೋಗಿದ್ದೆ. ಜನವೆಲ್ಲ ರಫೇಲ್ ಕಡೆ ನೋಡುತ್ತಿದ್ದರು. ನಾನು ನೋಡಿದ್ದು ಡಕೋಟಾದ ರಡ್ಡರನ್ನು. ಪಟ್ಟಿಯ ಅಡಿಯಲ್ಲಿ ಸಾಲಾಗಿ ಹೊಲಿಗೆಯ ಗಂಟುಗಳು ಉಬ್ಬಿ ಕಾಣುತ್ತಿದ್ದವು, ಒಂದಕ್ಕೊಂದು ಸಮನಾದ ಅಂತರ. ಕೊವೆಂಟ್ರಿಯಲ್ಲಿ ಕೂತು ಅದನ್ನು ಹೊಲಿದವರು ಯಾರೋ ಗೊತ್ತಿಲ್ಲ, ಕೆಲಸ ಬಲ್ಲವರು.

ಒಡಿಶಾದವರು ಇನ್ನೊಂದು ರೀತಿಯಲ್ಲಿ ತಮ್ಮ ಡಕೋಟಾ ಉಳಿಸಿಕೊಂಡರು. ಬಿಜು ಪಟ್ನಾಯಕ್ ಸ್ವತಃ ಪೈಲಟ್. ಕಳಿಂಗ ಏರ್‌ಲೈನ್ಸ್ ಕಟ್ಟಿದವರು. 1947ರಲ್ಲಿ ಇಂಡೋನೇಷ್ಯಾದ ನಾಯಕ ಶಹರೀರ್ ಅವರನ್ನು ಡಚ್ಚರ ಕಣ್ತಪ್ಪಿಸಿ ಡಕೋಟಾದಲ್ಲಿ ಕರೆತಂದವರು. ಅವರ ಕಂಪನಿಯ ಒಂದು ಡಕೋಟಾ ಕೋಲ್ಕತ್ತ ವಿಮಾನ ನಿಲ್ದಾಣದ ಮೂಲೆಯಲ್ಲಿ ದಶಕಗಟ್ಟಲೆ ಮಳೆಗೆ ನೆನೆಯುತ್ತಿತ್ತು. 2023ರ ಜನವರಿಯಲ್ಲಿ ಅದನ್ನು ಬಿಚ್ಚಿ ಲಾರಿಗಳಲ್ಲಿ ಭುವನೇಶ್ವರಕ್ಕೆ ತಂದರು. ಮತ್ತೆ ಜೋಡಿಸಿ ಅಲ್ಲಿನ ನಿಲ್ದಾಣದಲ್ಲಿ ನಿಲ್ಲಿಸಿದರು. ಹಾರುವುದಿಲ್ಲ, ಆದರೆ ಇದೆ.

ಬಾಂಬರ್ ವಿಮಾನವಾದರೂ ಲಿಬರೇಟರ್ ಕಥೆಯನ್ನು ಇಲ್ಲಿ ಬಿಡಲು ಮನಸ್ಸಿಲ್ಲ, ಯಾಕೆಂದರೆ ಅದು ಬೆಂಗಳೂರಿನ ಕೈಕೆಲಸದ ಕಥೆ. ಯುದ್ಧ ಮುಗಿದಾಗ ಬ್ರಿಟಿಷರು ಕಾನ್ಪುರದಲ್ಲಿ ಬಿ-24 ಲಿಬರೇಟರುಗಳನ್ನು ಮತ್ತೆ ಯಾರೂ ಹಾರಿಸದಂತೆ ಕೆಡಿಸಿ ಬಿಟ್ಟುಹೋಗಿದ್ದರು. ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನ ಮೆಕ್ಯಾನಿಕ್‌ಗಳು ಅಲ್ಲಿಗೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹಾರುವಷ್ಟು ಮಟ್ಟಿಗೆ ಮಾಡಿದರು. ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು, ಇಲ್ಲಿ ಪೂರ್ತಿ ರಿಪೇರಿಯಾಯಿತು. ಹೀಗೆ ನಲವತ್ತಕ್ಕೂ ಹೆಚ್ಚು ಲಿಬರೇಟರ್ 1968ರವರೆಗೆ ನಮ್ಮ ಸಮುದ್ರ ಕಾದವು. ಜಗತ್ತಿನ ಬೇರೆಲ್ಲ ವಾಯುಪಡೆಗಳಲ್ಲೂ ಅಷ್ಟು ಹೊತ್ತಿಗೆ ಅವು ಮುಗಿದಿದ್ದವು. ಬೇರೆಡೆ ಲಿಬರೇಟರ್ ಸಿಗುವುದೇ ಅಪರೂಪವಾದಾಗ ವಸ್ತುಸಂಗ್ರಹಾಲಯಗಳು ನಮ್ಮ ಕಡೆ ನೋಡಿದವು. ಅರಿಜೋನಾದ ಪಿಮಾ, ಕೆನಡಾದ ಒಟ್ಟಾವ, ಲಂಡನ್ನಿನ ಹೆಂಡನ್: ಮೂರೂ ಕಡೆ ನಿಂತಿರುವ ಲಿಬರೇಟರ್ ಭಾರತದಿಂದ ಹೋದವು. ಹೆಂಡನ್‌ನದು ಬ್ರಿಟಿಷರ ಕೆಎನ್ 751. ನಮ್ಮಲ್ಲಿ ಅದು ಎಚ್‌ಇ 807 ಆಗಿ ದುಡಿದು 1974ರಲ್ಲಿ ವಾಪಸು ಹೋಯಿತು. ಅದರ ಮುಂದೆ ನಿಲ್ಲುವ ಕನ್ನಡಿಗರಾರಾದರೂ ಇದ್ದರೆ, ಬೆಂಗಳೂರಿನ ಕೆಲಸಗಾರರು ಹೊಡೆದ ರಿವೆಟ್ ಅದರ ಮೈಯಲ್ಲಿದೆ ಎಂದು ತಿಳಿದು ನೋಡಿ.

ಪ್ಯಾಕೆಟ್ ಇನ್ನೊಂದು ಬಗೆಯ ಗಟ್ಟಿಗ. ಫೇರ್‌ಚೈಲ್ಡ್ ಸಿ-119, ಎರಡು ಬಾಲಗಳ ನಡುವೆ ಹಿಂದಿನ ಬಾಗಿಲು ತೆರೆದರೆ ಜೀಪನ್ನೇ ನುಗ್ಗಿಸಬಹುದಿತ್ತು. ಹಿಮಾಲಯದ ತೆಳು ಗಾಳಿಯಲ್ಲಿ ಅದರ ಎರಡು ಎಂಜಿನ್ ಸಾಲದೆ, ಬೆನ್ನ ಮೇಲೆ ಒಂದು ಜೆಟ್ ಎಂಜಿನ್ ಕೂರಿಸಿದರು. 1962ರ ಜುಲೈನಲ್ಲಿ ಸ್ಕ್ವಾಡ್ರನ್ ಲೀಡರ್ ಸಿ.ಕೆ.ಎಸ್. ರಾಜೆ ಅವರು ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ ಪ್ಯಾಕೆಟ್ ಇಳಿಸಿದರು. ಸುಮಾರು ಹದಿನೇಳು ಸಾವಿರ ಅಡಿ ಎತ್ತರದ ಜಾಗ. 1971ರ ಡಿಸೆಂಬರ್ 11ರಂದು ಬಾಂಗ್ಲಾದ ಟಾಂಗೈಲ್‌ನಲ್ಲಿ ಪ್ಯಾರಾಟ್ರೂಪರುಗಳು ಜಿಗಿದದ್ದೂ ಪ್ಯಾಕೆಟ್, ಡಕೋಟಾ, ಎಎನ್-12 ಸಾಗಣೆ ವಿಮಾನಗಳಿಂದ. ದೆಹಲಿಯ ಪಾಲಂ ವಸ್ತುಸಂಗ್ರಹಾಲಯದಲ್ಲಿ ಐಕೆ 450 ಸಂಖ್ಯೆಯ ಪ್ಯಾಕೆಟ್ ಬಯಲಲ್ಲಿ ನಿಂತಿದೆ. ಹೋದವರು ಅದರ ಬೆನ್ನು ನೋಡಲು ಮರೆಯಬೇಡಿ.

ಕೆಲವು ವಿಮಾನಗಳ ಜಾಡು ಹುಡುಕುವುದು ಹರಕೆ ತೀರಿಸಿದಂತಲ್ಲ, ಋಣ ತೀರಿಸಿದಂತೆ. 1968ರ ಫೆಬ್ರುವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ಎಎನ್-12 ಹವೆ ಕೆಟ್ಟು ಹಿಂತಿರುಗುವಾಗ ರೋಹ್‌ತಾಂಗ್ ಸುತ್ತಿನ ಹಿಮದಲ್ಲಿ ಕಾಣೆಯಾಯಿತು. ಅದರಲ್ಲಿ 102 ಜನ. 2003ರಲ್ಲಿ ಪರ್ವತಾರೋಹಿಗಳ ಕಣ್ಣಿಗೆ ಅವಶೇಷ ಬಿತ್ತು. 2024ರಲ್ಲಿ, ಐವತ್ತಾರು ವರ್ಷದ ಮೇಲೆ, ಇನ್ನೂ ನಾಲ್ವರ ದೇಹ ಸಿಕ್ಕಿತು, ಮನೆಗಳಿಗೆ ಮುಟ್ಟಿತು. 2016ರ ಜುಲೈ 22ರಂದು ನನ್ನ ತರಬೇತಿಯ ಊರಾದ ತಾಂಬರಂನಿಂದ ಪೋರ್ಟ್‌ಬ್ಲೇರ್‌ಗೆ ಹೊರಟ ಎಎನ್-32 ಬಂಗಾಳ ಕೊಲ್ಲಿಯಲ್ಲಿ ಮುಳುಗಿತು, 29 ಜನ. ಅದರ ತುಣುಕುಗಳು 3,400 ಮೀಟರ್ ಆಳದಲ್ಲಿ ಇರುವುದನ್ನು ನೀರೊಳಗೆ ತಾನಾಗಿ ಓಡುವ ಯಂತ್ರವೊಂದು ಚಿತ್ರ ತೆಗೆದು ತೋರಿಸಿತು; ಅದು ಹೊರಗೆ ತಿಳಿದದ್ದು 2024ರ ಜನವರಿಯಲ್ಲಿ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಎಎನ್-32 ಕೂಡ ನಾನು ದುಡಿದ ವಿಮಾನವೇ, ಈಶಾನ್ಯ ಗಡಿಯ ಮೆಚುಕಾದಂಥ ಕಣಿವೆಗಳಿಗೆ ಅಕ್ಕಿ ಕಳಿಸಿದ ವಿಮಾನ.

ಇಲ್ಲಿ ಚಳ್ಳಕೆರೆಯಲ್ಲಿ ಈಗ ಆಕಾಶ ನೋಡುವವರಿಗೆ ಬರವಿಲ್ಲ. ಅಮೃತ ಮಹಲ್ ಕಾವಲಿನಲ್ಲಿ ಡಿಆರ್‌ಡಿಒ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು. ರುಸ್ತುಂ ಡ್ರೋನ್ ಅದಕ್ಕೂ ಮೊದಲೇ, 2016ರ ನವೆಂಬರಿನಲ್ಲಿ, ಇಲ್ಲಿಂದ ಹಾರಿತ್ತು. 2019ರಲ್ಲಿ ಅಂಥದ್ದೊಂದು ಜೋಡಿಚಿಕ್ಕೇನಹಳ್ಳಿಯ ಬಳಿ ಬಿದ್ದಾಗ ಸುತ್ತಲ ಹಳ್ಳಿಯವರೆಲ್ಲ ಸೇರಿದ್ದರು. ಕಾವಲು ಕಳೆದುಕೊಂಡ ಕುರಿಗಾಹಿಗಳ ಸಂಕಟ ಬೇರೆಯೇ ಇದೆ, ಅದನ್ನು ಅವರ ಬಾಯಿಂದಲೇ ಕೇಳಬೇಕು. ಮಗ್ಗಕ್ಕೆ ನೂಲಿಲ್ಲದ ದಿನಗಳನ್ನು ಕಂಡ ಮನೆಯವನಾದ ನನಗೆ ಅದು ಅರ್ಥವಾಗುತ್ತದೆ. 2023ರ ಏಪ್ರಿಲ್ 2ರ ಬೆಳಗ್ಗೆ ಇಸ್ರೊದ ಪುನರ್ಬಳಕೆಯ ರಾಕೆಟ್ ವಿಮಾನ ಇಲ್ಲಿನ ರನ್‌ವೇ ಮೇಲೆ ಯಾರೂ ಮುಟ್ಟದೆ ತಾನಾಗಿ ಇಳಿಯಿತು. ಪತ್ರಿಕೆಗಳೆಲ್ಲ ಅದನ್ನು ಕೊಂಡಾಡಿದವು. ಅದನ್ನು ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಹೊತ್ತೊಯ್ದು ಬಿಟ್ಟದ್ದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್. 1961ರಲ್ಲಿ ಮೊದಲು ಹಾರಿದ ವಿನ್ಯಾಸ ಅದು, ಹುಟ್ಟಿದ್ದೇ ಭಾರ ಹೊರಲು. ನನಗೆ ಹೆಮ್ಮೆಯೆನಿಸಿದ್ದು ಆ ಎರಡರ ಬಗ್ಗೆಯೂ.

ಮೊಳಕಾಲ್ಮೂರಿಗೆ ಹೋದಾಗಲೆಲ್ಲ ಬ್ರಹ್ಮಗಿರಿ, ಸಿದ್ದಾಪುರದ ಕಡೆ ಹೋಗುತ್ತೇನೆ. ಅಶೋಕನ ಶಾಸನ ಎರಡು ಸಾವಿರ ವರ್ಷ ದಾಟಿಯೂ ಅಲ್ಲಿದೆ. ಬಂಡೆಯನ್ನು ಕರಗಿಸಿ ಪಾತ್ರೆ ಮಾಡಲು ಬರುವುದಿಲ್ಲವಲ್ಲ. ಅಲ್ಯೂಮಿನಿಯಂಗೆ ಆ ಭಾಗ್ಯವಿಲ್ಲ. ಸಾಗಣೆ ವಿಮಾನದ ದೇಹ ದೊಡ್ಡದು, ನಿಲ್ಲಿಸಲು ಜಾಗ ಹೆಚ್ಚು ಬೇಕು, ಬಿಚ್ಚಿದರೆ ಲೋಹ ಹೆಚ್ಚು ಸಿಗುತ್ತದೆ. ಅದು ಗುಜರಿಗೆ ಹೋಗಲು ಇಷ್ಟೇ ಕಾರಣ, ಯಾರದೂ ದ್ವೇಷವಿಲ್ಲ. ಉಳಿದವು ಉಳಿದದ್ದಕ್ಕೂ ಕಾರಣ ಅಷ್ಟೇ ಸರಳ: ಮಗನೊಬ್ಬನಿಗೆ ತಂದೆಯ ನೆನಪು, ಒಂದು ರಾಜ್ಯಕ್ಕೆ ತನ್ನ ನಾಯಕನ ಮೇಲಿನ ಅಭಿಮಾನ, ಯಾರೋ ಬರೆದಿಟ್ಟ ಒಂದು ಸಂಖ್ಯೆ.

ಈಗ ಅವ್ರೊ ಸರದಿ. ಎಚ್‌ಎಸ್-748, ಕಾನ್ಪುರದಲ್ಲಿ ಕಟ್ಟಿದ ಮೊದಲನೆಯದು 1961ರ ನವೆಂಬರ್ 1ರಂದು ಹಾರಿತು, ಹೆಸರು ಸುಬ್ರತೊ. ಅವ್ರೊಗಳ ಜಾಗಕ್ಕೆಂದು 2021ರಲ್ಲಿ 56 ಸಿ-295 ವಿಮಾನಗಳಿಗೆ ಒಪ್ಪಂದವಾಯಿತು. 16 ಸ್ಪೇನಿನಲ್ಲಿ, 40 ವಡೋದರಾದಲ್ಲಿ ತಯಾರಾಗಬೇಕೆಂದು ಗೊತ್ತುಮಾಡಿದರು. ಮೊದಲನೆಯದು 2023ರ ಸೆಪ್ಟೆಂಬರಿನಲ್ಲಿ ಬಂತು. ಹೊಸದು ಬಂದಂತೆ ಹಳೆಯದು ಸಾಲಾಗಿ ನಿಲ್ಲುತ್ತದೆ. ನಿಂತ ವಿಮಾನಕ್ಕೆ ಮೊದಲು ಎಂಜಿನ್ ಹೋಗುತ್ತದೆ, ಆಮೇಲೆ ಉಪಕರಣಗಳು, ಆಮೇಲೆ ಗಾಜು. ಅಷ್ಟು ಹೊತ್ತಿಗೆ ಕೇಳಿದರೆ ಸಿಗುವುದು ಬರೀ ಚಿಪ್ಪು. ಕೇಳಬೇಕಾದರೆ ಈಗ ಕೇಳಬೇಕು. ಚಳ್ಳಕೆರೆಗೆ ಒಂದು ಅವ್ರೊ ಬರಲಿ ಎಂದು ನಾನು ಪತ್ರ ಬರೆಯುತ್ತಿದ್ದೇನೆ. ಊರ ಶಾಲೆಗಳು, ನಗರಸಭೆ, ಸಂಘಗಳು ಸೇರಿ ಬರೆದರೆ ಅದಕ್ಕೆ ತೂಕ ಬರುತ್ತದೆ. ನಿಲ್ಲಿಸಲು ಗಟ್ಟಿ ನೆಲ, ಸುತ್ತ ಬೇಲಿ, ಮಳೆಯಿಂದ ಮೇಲ್ಛಾವಣಿ, ವರ್ಷಕ್ಕೊಮ್ಮೆ ಬಣ್ಣ: ಇಷ್ಟಕ್ಕೆ ಯಾರು ಹೊಣೆ ಎನ್ನುವುದನ್ನು ಪತ್ರದಲ್ಲೇ ಬರೆಯಬೇಕು, ಬರೀ ವಿಮಾನ ಕೊಡಿ ಎಂದರೆ ಸಾಲದು.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಂದ ವಾಯುಪಡೆಗೆ ಹೋದವರ ಮನೆಗಳಲ್ಲಿ ಹಳೆಯ ಫೋಟೊ, ಸರ್ವಿಸ್ ಪುಸ್ತಕ, ಪತ್ರಗಳು ಇದ್ದರೆ ಒಂದು ಕೆಲಸ ಮಾಡಿ. ಫೋಟೊದಲ್ಲಿ ಹಿಂದೆ ನಿಂತ ವಿಮಾನದ ಬಾಲ ನೋಡಿ. ಅಕ್ಷರ, ಅಂಕಿ ಏನಿದ್ದರೂ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ, ಜೊತೆಗೆ ಯಾವ ಊರು, ಯಾವ ವರ್ಷ, ಯಾರು ಯಾರು ನಿಂತಿದ್ದಾರೆ ಎಂದು. ಪೆನ್ನು ಬೇಡ, ಶಾಯಿ ಕಾಗದದ ಆಚೆಗೆ ಇಳಿಯುತ್ತದೆ.